ಮುಂಗಡದ ಹಗ್ಗ, ಸಹನೆಯ ಉಪದೇಶ

ಕಳೆದ ತಿಂಗಳು ಜುಮಾ ನಮಾಝ್ ಮುಗಿಸಿ ರಾಮನಗರದ ಮಸೀದಿಯೊಂದರ ಮೆಟ್ಟಿಲಿಳಿಯುತ್ತಿದ್ದಾಗ, ಇಪ್ಪತ್ತನಾಲ್ಕರ ಆಸುಪಾಸಿನ ಯುವಕನೊಬ್ಬ ನನ್ನನ್ನು ತಡೆದು ನಿಲ್ಲಿಸಿದ. ಅವನ ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿದ್ದವು. ಈ ಊರಿನವರಿಗೆ ಅದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಬೇಸಿನ್‌ನ ಬಿಸಿನೀರಿನಲ್ಲಿ ದಿನವಿಡೀ ರೇಷ್ಮೆಗೂಡಿನ ಎಳೆ ಹುಡುಕುವ ಕೈ ಅದು. "ಭಾಯ್, ನಾನು ಈ ಕೆಲಸ ಬಿಟ್ಟು ಬೇರೆ ಕಡೆ ಹೋದರೆ ಗುನಾಹ್ ಆಗುತ್ತಾ?" ಎಂದು ಕೇಳಿದ.

ಅವನ ಕತೆ ಇಷ್ಟು. ಅಕ್ಕನ ನಿಕಾಹ್‌ಗೆಂದು ಆರು ವರ್ಷಗಳ ಹಿಂದೆ ಅವನ ತಂದೆ ಮಾಲೀಕರಿಂದ ಮೂವತ್ತು ಸಾವಿರ ರೂಪಾಯಿ ಮುಂಗಡ ಪಡೆದಿದ್ದರು. ತಂದೆಗೆ ಉಸಿರಾಟದ ತೊಂದರೆ ಹೆಚ್ಚಿದಾಗ ಮಗ ಅವರ ಜಾಗಕ್ಕೆ ಬಂದ. ಹಬ್ಬಕ್ಕೆ, ಆಸ್ಪತ್ರೆಗೆ ಎಂದು ನಡುನಡುವೆ ಸೇರಿದ್ದೆಷ್ಟು, ವಾರದ ಬಟವಾಡೆಯಲ್ಲಿ ಹಿಡಿದುಕೊಂಡದ್ದೆಷ್ಟು, ಅವನಿಗೆ ತಿಳಿಯದು. ಲೆಕ್ಕ ಮಾಲೀಕರ ಪುಸ್ತಕದಲ್ಲಿದೆ. ಪಕ್ಕದ ಬೀದಿಯ ಘಟಕದಲ್ಲಿ ಅದೇ ಕೆಲಸಕ್ಕೆ ದಿನಕ್ಕೆ ನೂರು ರೂಪಾಯಿ ಹೆಚ್ಚು ಸಿಗುತ್ತದೆ. ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸವಿದೆಯೆಂದು ಗೆಳೆಯ ಹೇಳಿದ್ದನ್ನು ಮಾಲೀಕರ ಮುಂದೆ ಬಾಯಿಬಿಟ್ಟದ್ದೇ ತಡ, ಎಲ್ಲರೆದುರು ಬೈಗುಳ. ಜೊತೆಗೆ, "ಮೊದಲು ಅಡ್ವಾನ್ಸ್ ಇಟ್ಟು ಆಮೇಲೆ ಹೋಗು." ವಿಷಯ ಮೊಹಲ್ಲಾದ ಹಿರಿಯರೊಬ್ಬರ ಬಳಿಗೆ ಹೋಯಿತು. ಅವರು ಅವನ ತಲೆ ಸವರಿ ಹೇಳಿದರಂತೆ: "ಸಬ್ರ್ ಕರೋ ಬೇಟಾ. ಉಂಡ ಮನೆಯ ಜಂತೆ ಎಣಿಸಬಾರದು."

ಆ ಯುವಕ ಯಾವ ಜಂತೆಯನ್ನೂ ಎಣಿಸಿರಲಿಲ್ಲ. ತನ್ನ ಕೂಲಿಯನ್ನು ಎಣಿಸಿಕೊಡಿ ಎಂದು ಕೇಳಿದ್ದನಷ್ಟೇ. ಅದನ್ನೇ ಕೃತಘ್ನತೆಯೆಂದು, ಪಾಪವೆಂದು ಅವನು ಭಯಪಡುವಂತೆ ಮಾಡಿದವರು ಯಾರು? ನಾವೇ. ನಮ್ಮ ಮಿಂಬರುಗಳು, ನಮ್ಮ ಹಿರಿಯರು, ನಮ್ಮ ಜಮಾಅತ್ ಕಮಿಟಿಗಳು. ಆದ್ದರಿಂದ ಈ ಬರಹದಲ್ಲಿ ಸ್ವಲ್ಪ ಕಠಿಣವಾಗಿಯೇ ಮಾತನಾಡಬೇಕಾಗಿದೆ.

ಉದ್ಯೋಗದಲ್ಲಿ ಮುಸ್ಲಿಮರಿಗಾಗುವ ಅನ್ಯಾಯದ ಬಗ್ಗೆ ನಾವು ಬಹಳ ಮಾತನಾಡುತ್ತೇವೆ. ಹೆಸರು ಕೇಳಿದೊಡನೆ ಕೆಲಸ ಖಾಲಿಯಿಲ್ಲ ಎನ್ನುವವರಿದ್ದಾರೆ, ಗಡ್ಡವನ್ನೋ ಹಿಜಾಬನ್ನೋ ನೋಡಿ ಮುಖ ತಿರುಗಿಸುವವರಿದ್ದಾರೆ. ಮಾತನಾಡಲೇಬೇಕು. ಆದರೆ ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿ ಮಾಲೀಕನೂ ಬಹುಪಾಲು ನಮ್ಮವನೇ, ಕೂಲಿಯವನೂ ಬಹುಪಾಲು ನಮ್ಮವನೇ. ಒಂದೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಇಬ್ಬರ ನಡುವಿನ ಈ ಅನ್ಯಾಯದ ಕುರಿತು ನಮ್ಮ ಖುತ್ಬಾಗಳಲ್ಲಿ ಏಕೆ ಒಂದು ವಾಕ್ಯವೂ ಬರುವುದಿಲ್ಲ? ಟಿಪ್ಪು ಸುಲ್ತಾನರು ಮೈಸೂರು ಸೀಮೆಗೆ ರೇಷ್ಮೆ ತಂದರೆಂದು ಹೆಮ್ಮೆಪಡುತ್ತೇವೆ. ಏಷ್ಯಾದಲ್ಲಿಯೇ ದೊಡ್ಡ ರೇಷ್ಮೆಗೂಡು ಮಾರುಕಟ್ಟೆ ನಮ್ಮೂರಿನದೆಂದು ಹೇಳಿಕೊಳ್ಳುತ್ತೇವೆ. ಆ ಹೆಮ್ಮೆಯ ಎಳೆಯನ್ನು ಕುದಿನೀರಿನಿಂದ ಎತ್ತುವ ತಾಯಂದಿರ ಕೈಗಳ ಬಗ್ಗೆ ಮಾತಿಲ್ಲ.

ಇನ್ನು ಮುಂಗಡದ ವಿಚಾರಕ್ಕೆ ಬರೋಣ. ಕಷ್ಟದಲ್ಲಿರುವ ಕೆಲಸಗಾರನಿಗೆ ಸಾಲ ಕೊಡುವುದು ಪುಣ್ಯದ ಕಾರ್ಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಲ ಕೊಟ್ಟವನು, ಅದು ತೀರುವವರೆಗೆ ನೀನು ಬೇರೆಡೆ ಹೋಗುವಂತಿಲ್ಲ, ಮಾರುಕಟ್ಟೆಯ ದರಕ್ಕಿಂತ ಕಡಿಮೆ ಕೂಲಿಗೆ ದುಡಿಯಬೇಕು ಎಂದು ಕಟ್ಟಿಹಾಕಿದರೆ ಅದರ ಹೆಸರೇನು? ಕೊಟ್ಟ ಸಾಲದಿಂದ ಕೊಟ್ಟವನಿಗೆ ಷರತ್ತಿನ ಲಾಭ ಬಂದರೆ ಆ ಲಾಭ ರಿಬಾ ಎಂಬುದು ಫಿಕ್ಹ್‌ನ ವಿದ್ವಾಂಸರು ಒಪ್ಪಿಕೊಂಡು ಬಂದಿರುವ ನಿಯಮ. (ಇದನ್ನು ಪ್ರವಾದಿ(ಸ)ರ ವಚನವೆಂದು ಹೇಳುವ ವರದಿಯ ಸನದು ದುರ್ಬಲ, ನಿಯಮವಾಗಿ ಅದು ಸ್ವೀಕೃತ.) ಮೂವತ್ತು ಸಾವಿರ ಕೊಟ್ಟು ದಿನಕ್ಕೆ ನೂರು ರೂಪಾಯಿಯಂತೆ ಕೂಲಿ ಕಡಿಮೆ ಕೊಟ್ಟರೆ, ತಿಂಗಳಿಗೆ ಇಪ್ಪತ್ತೈದು ದಿನದ ಲೆಕ್ಕದಲ್ಲಿ ಎರಡೂವರೆ ಸಾವಿರ. ಒಂದೇ ವರ್ಷಕ್ಕೆ ಅಸಲಿನಷ್ಟೇ ಲಾಭ ಮರಳಿತು. ಅಸಲು ಮಾತ್ರ ಪುಸ್ತಕದಲ್ಲಿ ಹಾಗೆಯೇ ಇದೆ! ಬ್ಯಾಂಕಿನ ಬಡ್ಡಿಯನ್ನು ಮುಟ್ಟುವುದಿಲ್ಲವೆಂದು ಎದೆ ತಟ್ಟಿಕೊಳ್ಳುವ ಸಹೋದರರು ಈ ಲೆಕ್ಕವನ್ನು ಒಮ್ಮೆ ಒಂಟಿಯಾಗಿ ಕುಳಿತು ಮಾಡಿ ನೋಡಲಿ.

ಪುಸ್ತಕ ಯಾರ ಕೈಯಲ್ಲಿರಬೇಕು ಎಂಬುದನ್ನೂ ಕುರ್‌ಆನ್ ಅನಿಶ್ಚಿತವಾಗಿ ಬಿಟ್ಟಿಲ್ಲ. ಅತಿ ದೀರ್ಘವಾದ ಆಯತ್ ಸಾಲದ ಲಿಖಿತದ ಬಗೆಗಿನದು (ಅಲ್ ಬಕರ: 282). ಸಾಲವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂದಷ್ಟೇ ಅಲ್ಲಿ ಹೇಳಿರುವುದಲ್ಲ. ಬರೆಯುವವನಿಗೆ ಒಕ್ಕಣೆಯನ್ನು ಹೇಳಬೇಕಾದವನು ಸಾಲದ ಹೊಣೆ ಹೊತ್ತವನು ಎಂದು ನಿರ್ದೇಶಿಸಲಾಗಿದೆ. ಅಂದರೆ ದುರ್ಬಲ ಪಕ್ಷದ ಬಾಯಿಂದ ಲೆಕ್ಕ ಬರಬೇಕು. ಹೇಳಲು ಆಗದವನಾದರೆ ಅವನ ಪರವಾಗಿ ನ್ಯಾಯದಿಂದ ಹೇಳುವವನೊಬ್ಬ ಇರಬೇಕು. ನಮ್ಮ ಘಟಕಗಳಲ್ಲಿ ನಡೆಯುತ್ತಿರುವುದು ಇದಕ್ಕೆ ನೇರ ವಿರುದ್ಧ. ಬರೆಯುವವನೂ ಮಾಲೀಕ, ಹೇಳುವವನೂ ಮಾಲೀಕ, ಸಾಕ್ಷಿಯೂ ಮಾಲೀಕನ ಮುನ್ಷಿ. ಅದರ ಹಿಂದಿನ ಎರಡು ಆಯತ್‌ಗಳಾಚೆ, ಸಾಲಗಾರನು ಇಕ್ಕಟ್ಟಿನಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ನೀಡಬೇಕು, ಬಿಟ್ಟುಕೊಟ್ಟರೆ ಇನ್ನೂ ಉತ್ತಮ ಎಂದಿದೆ. ಸಾಲಗಾರನನ್ನು ಬೇಸಿನ್‌ಗೆ ಕಟ್ಟಿಹಾಕಿ ಎಂದು ಎಲ್ಲಿಯೂ ಇಲ್ಲ.

ದೇಶದ ಕಾನೂನೂ ಇದನ್ನು ಅಪರಾಧವೆಂದೇ ಕರೆಯುತ್ತದೆ. 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯ ಪ್ರಕಾರ, ಮುಂಗಡದ ಕಾರಣಕ್ಕೆ ಒಬ್ಬನು ಬೇರೆಡೆ ದುಡಿಯುವ ಸ್ವಾತಂತ್ರ್ಯವನ್ನು ಕಳೆದುಕೊಂಡರೆ ಅದು ಜೀತ. ಅಂತಹ ಸಾಲವನ್ನು ತೀರಿಸುವ ಹೊಣೆಯೇ ಇಲ್ಲ. ತಪ್ಪಿತಸ್ಥರಿಗೆ ಮೂರು ವರ್ಷಗಳವರೆಗೆ ಸೆರೆವಾಸವಿದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿಯೇ, ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿ ಮುಂಗಡಕ್ಕೆ ಒತ್ತೆಯಾದ ಮಕ್ಕಳ ಬಗ್ಗೆ ವರದಿ ಹೊರತಂದಾಗ ಕರ್ನಾಟಕದ ಬಿಚ್ಚಾಣಿಕೆ ಮತ್ತು ಹುರಿ ಕಾರ್ಖಾನೆಗಳೂ ಅದರಲ್ಲಿದ್ದವು. ಅಂದು ನಾಚಿಕೆಯಾಗಬೇಕಿತ್ತು. ಆ ನಂತರ ಜಿಲ್ಲೆ ಹೊಸದಾಯಿತು, ಈಗ ಜಿಲ್ಲೆಯ ಹೆಸರೂ ಹೊಸದಾಯಿತು. ಮಾಲೀಕನ ಕಪಾಟಿನಲ್ಲಿರುವ ಲೆಕ್ಕದ ಪುಸ್ತಕ ಮಾತ್ರ ಹಳೆಯದೇ.

ಮಾಲೀಕರಿಗೂ ಅವರದೇ ಆದ ಅಳಲಿದೆ ಎಂಬುದನ್ನು ಬಲ್ಲೆ. ಗೂಡಿನ ದರ ಇಂದು ಏರಿ ನಾಳೆ ಇಳಿಯುತ್ತದೆ. ಗೂಡಿಗೆ ಕೂಡಲೇ ಹಣ ಕಟ್ಟಬೇಕು, ನೂಲಿನ ಹಣ ಬರಲು ಕಾಯಬೇಕು. ಚೀನಾದ ರೇಷ್ಮೆಯ ಹೊಡೆತ ಬೇರೆ. ಒಬ್ಬರಿಂದ ಮುಂಗಡ ಪಡೆದು ರಾತ್ರೋರಾತ್ರಿ ಇನ್ನೊಬ್ಬರ ಬಳಿ ಸೇರಿಕೊಳ್ಳುವ ಕೆಲಸಗಾರರೂ ಇದ್ದಾರೆ. ಅದು ಮೋಸ, ಹರಾಮ್. ಶಹೀದನ ಪಾಪಗಳೆಲ್ಲ ಕ್ಷಮಿಸಲ್ಪಟ್ಟರೂ ಸಾಲ ಉಳಿಯುತ್ತದೆಂಬ ಹದೀಸ್ (ಮುಸ್ಲಿಮ್) ಅವರಿಗೂ ಅನ್ವಯ. ಆದರೆ ಸಾಲವನ್ನು ಸಾಲವೆಂದು ಬರೆದುಕೊಳ್ಳಿ, ಕೂಲಿಯನ್ನು ಕೂಲಿಯೆಂದು ಪೂರ್ತಿ ಕೊಡಿ. ಬೇರೆಡೆ ಹೋದವನಿಂದ ಕಂತು ಪಡೆಯಿರಿ. ವ್ಯಾಪಾರದ ನಷ್ಟವನ್ನು ಇನ್ನೊಬ್ಬನ ಮೈಯಿಂದ ವಸೂಲಿ ಮಾಡುವ ಅಧಿಕಾರ ಯಾರಿಗೂ ಇಲ್ಲ. ಕೆಲಸಗಾರನಿಂದ ಪೂರ್ಣ ದುಡಿಮೆ ಪಡೆದು ಕೂಲಿ ಕೊಡದವನ ವಿರುದ್ಧ ಕಿಯಾಮತ್ ದಿನ ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುತ್ತಾನೆಂಬ ಹದೀಸ್ ಕುದ್ಸಿ (ಬುಖಾರಿ) ಓದಿಯೂ ರಾತ್ರಿ ನಿದ್ದೆ ಬರುವುದಾದರೆ, ನಾನು ಇನ್ನೇನು ಹೇಳಲಿ?

ಈಗ ಸಬ್ರ್. ಮೊಹಲ್ಲಾದ ಆ ಹಿರಿಯರು ಉದಾಹರಿಸಿದ್ದು ಪ್ರವಾದಿ ಯಅ್‌ಕೂಬ್(ಅ)ರ ಸುಂದರ ಸಹನೆಯನ್ನು. ಸರಿ, ಆ ಅಧ್ಯಾಯವನ್ನೇ ಪೂರ್ತಿ ಓದೋಣ. ತನ್ನ ದುಃಖವನ್ನು ಅಲ್ಲಾಹನಲ್ಲಿ ಮಾತ್ರ ತೋಡಿಕೊಳ್ಳುತ್ತೇನೆಂದ ಅದೇ ಯಅ್‌ಕೂಬ್(ಅ), ಮರು ಆಯತ್‌ನಲ್ಲಿಯೇ ಮಕ್ಕಳಿಗೆ, ಹೋಗಿ ಯೂಸುಫ್ ಮತ್ತು ಅವನ ತಮ್ಮನನ್ನು ಹುಡುಕಿ, ನಿರಾಶರಾಗಬೇಡಿ ಎಂದು ಆಜ್ಞಾಪಿಸುತ್ತಾರೆ (ಯೂಸುಫ್: 86-87). ಅದಕ್ಕೂ ಮೊದಲು, ಈಜಿಪ್ಟ್‌ಗೆ ಹೊರಟ ಮಕ್ಕಳಿಗೆ ಒಂದೇ ಬಾಗಿಲಿನಿಂದ ಒಳಹೋಗದೆ ಬೇರೆ ಬೇರೆ ಬಾಗಿಲುಗಳಿಂದ ಹೋಗಿರೆಂದು ಯುಕ್ತಿ ಹೇಳಿಕೊಟ್ಟವರೂ ಅವರೇ (67). ಅವರ ಸಹನೆ ಕೈಕಟ್ಟಿ ಕುಳಿತಿರಲಿಲ್ಲ.

ಯೂಸುಫ್(ಅ)ರ ವಿಚಾರವಂತೂ ನಮ್ಮ ಯುವಕನಿಗೆ ಬರೆದುಕೊಟ್ಟ ದಾರಿಯಂತಿದೆ. ಅವರು ಒಂದು ಮನೆಯಲ್ಲಿ ದುಡಿಯುತ್ತಿದ್ದರು. ಸುಳ್ಳು ಆರೋಪ ಹೊತ್ತು ಸೆರೆಗೆ ಹೋದರು. ಅಲ್ಲಿ ಸುಮ್ಮನಿರಲಿಲ್ಲ, ಬಿಡುಗಡೆಯಾಗಲಿದ್ದ ಸಂಗಾತಿಗೆ, ನಿನ್ನ ಒಡೆಯನ ಬಳಿ ನನ್ನ ವಿಷಯ ಪ್ರಸ್ತಾಪಿಸು ಎಂದರು. ಅವನು ಮರೆತ, ವರ್ಷಗಳು ಕಳೆದವು. ಕೊನೆಗೆ ಅರಸನ ಕರೆ ಬಂದಾಗ ಓಡೋಡಿ ಹೊರಬರಲಿಲ್ಲ. ಮೊದಲು ಆ ಸ್ತ್ರೀಯರ ಪ್ರಕರಣ ವಿಚಾರಣೆಯಾಗಲಿ ಎಂದು ದೂತನನ್ನು ಹಿಂದೆ ಕಳಿಸಿದರು (50). ಹೆಸರಿಗೆ ಅಂಟಿದ ಕಳಂಕ ತೊಳೆದ ಮೇಲೆಯೇ ಹೊಸ ಹುದ್ದೆಯ ಮಾತು. ಆಗಲೂ ಸಂಕೋಚಪಡದೆ, ನನಗೆ ಭಂಡಾರಗಳ ಹೊಣೆ ಕೊಡಿ, ನಾನು ಕಾಪಾಡಬಲ್ಲೆ, ನನಗೆ ಅದರ ತಿಳಿವಳಿಕೆಯಿದೆ ಎಂದು ತಮ್ಮ ಅರ್ಹತೆಯನ್ನು ತಾವೇ ಮುಂದಿಟ್ಟರು (55). ಅನ್ಯಾಯವನ್ನು ಇತ್ಯರ್ಥಗೊಳಿಸುವುದು, ಮುಂದಿನ ಉದ್ಯೋಗವನ್ನು ಯೋಜಿಸುವುದು, ಎರಡನ್ನೂ ಒಬ್ಬ ಪ್ರವಾದಿ ಒಂದೇ ಉಸಿರಿನಲ್ಲಿ ಮಾಡಿದ್ದಾರೆ. ಆ ಅಧ್ಯಾಯದಿಂದ ಸಹನೆಯ ಅರ್ಧ ಮಾತನ್ನು ಮಾತ್ರ ಕತ್ತರಿಸಿ ಬಡವನ ಬಾಯಿಗೆ ಬೀಗ ಹಾಕುವವರು ಅಲ್ಲಾಹನ ಗ್ರಂಥಕ್ಕೆ ನ್ಯಾಯ ಸಲ್ಲಿಸುತ್ತಿದ್ದಾರೆಯೇ?

ಇನ್ನೊಂದು ಮಾತು: ಮಾಲೀಕನ ತಪ್ಪನ್ನು ಹೊರಗೆ ಹೇಳುವುದು ಗೀಬತ್ ಎಂದು ಹೆದರಿಸುವವರಿದ್ದಾರೆ. ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದನ್ನು ಅಲ್ಲಾಹನು ಮೆಚ್ಚುವುದಿಲ್ಲ, ಆದರೆ ಅನ್ಯಾಯಕ್ಕೊಳಗಾದವನ ಹೊರತು ಎಂಬ ವಿನಾಯಿತಿ ಕುರ್‌ಆನ್‌ನಲ್ಲಿಯೇ ಇದೆ (ಅನ್ನಿಸಾ: 148). ಇಮಾಮ್ ನವವಿ(ರ) 'ರಿಯಾಝುಸ್ಸಾಲಿಹೀನ್'ನಲ್ಲಿ ಗೀಬತ್ ಅನುಮತಿಸಲ್ಪಟ್ಟ ಆರು ಸಂದರ್ಭಗಳನ್ನು ಹೇಳುವಾಗ ಮೊದಲು ಎತ್ತಿಕೊಂಡದ್ದು ಅಧಿಕಾರವುಳ್ಳವರ ಮುಂದೆ ಮಜ್ಲೂಮನು ನೀಡುವ ದೂರನ್ನು. ಕಾರ್ಮಿಕ ಇಲಾಖೆಯ ಕಚೇರಿಗೆ, ಉಪವಿಭಾಗಾಧಿಕಾರಿಯ ಬಳಿಗೆ ಹೋಗುವುದು ಆ ದೂರಿನ ಇಂದಿನ ರೂಪ.

ಮಕ್ಕಾದಲ್ಲಿ ಪ್ರವಾದಿತ್ವಕ್ಕೂ ಮೊದಲು ನಡೆದ ಘಟನೆ ನಮಗೆಲ್ಲ ಗೊತ್ತು. ಆದರೆ ನಮ್ಮೂರಿನ ಕಣ್ಣಿನಿಂದ ಓದಿಲ್ಲ. ಯಮನಿನ ಝಬೀದ್‌ನ ವ್ಯಾಪಾರಿಯೊಬ್ಬನ ಸರಕು ಪಡೆದ ಆಸ್ ಬಿನ್ ವಾಇಲ್ ಹಣ ಕೊಡಲಿಲ್ಲ. ಊರಿನಲ್ಲಿ ದಿಕ್ಕಿಲ್ಲದ ಆ ಪರದೇಶಿ ಅಬೂ ಖುಬೈಸ್ ಬೆಟ್ಟ ಹತ್ತಿ ಕೂಗಿ ಹೇಳಿದ. ಕುರೈಶರ ಕೆಲವು ಕುಲಗಳವರು ಅಬ್ದುಲ್ಲಾ ಬಿನ್ ಜುದ್ಆನ್‌ರ ಮನೆಯಲ್ಲಿ ಸೇರಿ, ಮಜ್ಲೂಮನು ಯಾರೇ ಆಗಿರಲಿ, ಅವನ ಹಕ್ಕು ದೊರಕುವವರೆಗೆ ಅವನ ಜೊತೆಗಿರುತ್ತೇವೆಂದು ಪ್ರತಿಜ್ಞೆ ಮಾಡಿ, ಆಸ್‌ನ ಬಳಿಗೆ ಹೋಗಿ ಹಕ್ಕು ಕೊಡಿಸಿದರು. ಅದೇ ಹಿಲ್ಫುಲ್ ಫುಝೂಲ್. ಯುವಕ ಮುಹಮ್ಮದ್(ಸ) ಅಲ್ಲಿದ್ದರು. ಪ್ರವಾದಿಯಾದ ಮೇಲೂ, ಅಂತಹ ಕರೆ ಈಗ ಬಂದರೂ ಓಗೊಡುವೆನೆಂದರು. ಬೆಟ್ಟ ಹತ್ತಿ ಕೂಗಿದವನಿಗೆ ಸಬ್ರ್ ಮಾಡು, ಕೆಳಗಿಳಿ ಎಂದು ಯಾರೂ ಹೇಳಲಿಲ್ಲ. ಬೆಟ್ಟಗಳಿಗೆ ನಮ್ಮ ರಾಮನಗರದಲ್ಲಿಯೂ ಬರವಿಲ್ಲ. ಕೂಗು ಕೇಳಿ ಮನೆಯೊಂದರಲ್ಲಿ ಸೇರುವ ಹಿರಿಯರಿಗೆ ಬರವಿದೆ. ಹರಕೆ, ಜಲ್ಸಾ, ಮಸೀದಿಯ ಟೈಲ್ಸ್‌ಗೆ ಚಂದಾ ಕೇಳುವಾಗ ಮಾಲೀಕರೇ ಮೊದಲ ಸಾಲಿನವರು. ಅವರ ಮನಸ್ಸು ನೋಯಿಸಲು ಕಮಿಟಿಗಳಿಗೆ ಧೈರ್ಯವಿಲ್ಲ. ಇದು ಕಹಿಯಾದ ಮಾತು, ಆದರೂ ಬರೆಯುತ್ತಿದ್ದೇನೆ.

ಹಾಗಾದರೆ ಆ ಯುವಕ ಹೇಗೆ ಹೊರಡಬೇಕು? ಸಿಟ್ಟಿನಲ್ಲಿ ಹೊರಡಬಾರದು. 2020ರ ಡಿಸೆಂಬರ್‌ನಲ್ಲಿ ಕೋಲಾರದ ನರಸಾಪುರದ ವಿಸ್ಟ್ರಾನ್ ಘಟಕದಲ್ಲಿ ನಡೆದದ್ದನ್ನು ನೆನೆಯಿರಿ. ಕೆಲವು ಕಾರ್ಮಿಕರಿಗೆ ವೇತನ ಸರಿಯಾಗಿ ಪಾವತಿಯಾಗಿರಲಿಲ್ಲವೆಂದು ಕಂಪನಿಯೇ ಆಮೇಲೆ ಒಪ್ಪಿಕೊಂಡಿತು. ಅಂದರೆ ದೂರಿನಲ್ಲಿ ಹುರುಳಿತ್ತು. ಆದರೆ ಕಲ್ಲು, ಗಾಜು, ಬೆಂಕಿಯ ನಂತರ ಅನೇಕರ ಪಾಲಿಗೆ ಉಳಿದದ್ದು ಪೊಲೀಸ್ ಪ್ರಕರಣ. ಅದೇ ಹಂಗಾಮಿನಲ್ಲಿ ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕಾರ್ಮಿಕ ಸಂಘದ ಪದಾಧಿಕಾರಿಯೊಬ್ಬರ ಅಮಾನತಿನಿಂದ ಆರಂಭವಾದ ಧರಣಿ, ನವೆಂಬರ್ 10ರ ಲಾಕ್‌ಔಟ್ ದಾಟಿ, 2021ರ ಮಾರ್ಚ್‌ವರೆಗೆ ಎಳೆಯಿತು. ಸಂಘಟಿತರಾದ, ಮೂರು ಸಾವಿರಕ್ಕೂ ಮೀರಿದ ಕಾರ್ಮಿಕರಿಗೇ ಸುಮಾರು ನಾಲ್ಕು ತಿಂಗಳು ಅಷ್ಟು ಕಷ್ಟವಾದರೆ, ಹತ್ತು ಜನರ ಘಟಕದಲ್ಲಿ ಒಂಟಿಯಾಗಿರುವವನು ಹೊಟ್ಟೆಗೆ ಏನಾದರೂ ಕೂಡಿಟ್ಟುಕೊಳ್ಳದೆ ಬಾಗಿಲು ಬಡಿದು ಹೊರಬರುವುದು ವಿವೇಕವಲ್ಲ. ಬಿಡದಿ, ಹಾರೋಹಳ್ಳಿಗಳು ಸ್ವರ್ಗವೆಂದೂ ಭಾವಿಸಬೇಡಿ. ಅಲ್ಲಿಯೂ ಗುತ್ತಿಗೆದಾರನ ಕೆಳಗೆ ಸೇರಿಸಿಕೊಂಡು ಆರು ತಿಂಗಳಿಗೊಮ್ಮೆ ಕೈಬಿಡುವ ಪರಿಪಾಠವಿದೆ.

ನಾನು ಅವನಿಗೆ ಮೊದಲು ಹೇಳಿದ್ದು, ಹತ್ತು ರೂಪಾಯಿಯ ಒಂದು ನೋಟ್‌ಬುಕ್ ಕೊಳ್ಳಲು. ಎಷ್ಟು ಮುಂಗಡ, ಯಾವಾಗ, ಯಾರ ಎದುರು. ದಿನದ ಕೂಲಿ, ವಾರದ ಬಟವಾಡೆ, ಹಿಡಿದುಕೊಂಡದ್ದು. ನೆನಪಿರುವುದನ್ನು ತಂದೆಯ ಜೊತೆ ಕುಳಿತು ಬರೆ. ಇನ್ನು ಮುಂದಿನದನ್ನು ಅಂದಂದೇ ಬರೆ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡ. ಮಾಲೀಕರ ಬಳಿ ಒಬ್ಬನೇ ಹೋಗಬೇಡ, ಇಬ್ಬರು ಸಾಕ್ಷಿಗಳೊಡನೆ ಹೋಗು. ಉಳಿದ ಸಾಲ ನ್ಯಾಯವಾದದ್ದೇ ಆಗಿದ್ದರೆ ಕಂತಿನ ಕರಾರು ಬರೆದುಕೊಡು. ಒಪ್ಪದೆ ಹೆದರಿಸಿದರೆ, ಹೋಗದಂತೆ ತಡೆದರೆ, ಆಗ ಅದು ನಿಮ್ಮಿಬ್ಬರ ನಡುವಿನ ವ್ಯವಹಾರವಾಗಿ ಉಳಿಯುವುದಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕಾರ್ಖಾನೆಯ ಕಾರ್ಮಿಕರಿಗೂ ಸ್ತ್ರೀಯರಿಗೂ ಜೀತಕ್ಕೆ ಸಿಲುಕಿದವರಿಗೂ ವಕೀಲರ ನೆರವು ಉಚಿತ. 15100 ಅದರ ದೂರವಾಣಿ ಸಂಖ್ಯೆ. ಕೆಲಸದಲ್ಲಿರುವವರೆಗೆ ಎಳೆ ಕಡಿಯದಂತೆ, ನೂಲು ಕೆಡದಂತೆ ದುಡಿ. ಅಳತೆಯಲ್ಲಿ ಮೋಸ ಮಾಡುವವರಿಗೆ ವಿನಾಶವಿದೆಯೆಂಬ ಎಚ್ಚರಿಕೆ (ಅಲ್ ಮುತಫ್ಫಿಫೀನ್: 1-3) ಮಾಲೀಕನಿಗೆ ಮಾತ್ರ ಇಳಿದದ್ದಲ್ಲ, ಪೂರ್ತಿ ಕೂಲಿ ಕೇಳುವವನ ದುಡಿಮೆಯೂ ಪೂರ್ತಿಯಾಗಿರಬೇಕು.

ಹೊಸ ಕಡೆ ಸೇರುವಾಗ ಮೂಸಾ(ಅ)ರನ್ನು ನೆನೆಯಬೇಕು. ಈಜಿಪ್ಟ್‌ನಿಂದ ತಪ್ಪಿಸಿಕೊಂಡು ಕೈಯಲ್ಲಿ ಏನೂ ಇಲ್ಲದೆ ಮದ್ಯನ್ ತಲುಪಿದ ಅವರ ಸ್ಥಿತಿಗಿಂತ ಹೆಚ್ಚಿನ ಅಸಹಾಯಕತೆ ಯಾವುದಿದೆ? ಆದರೂ ಕರಾರು ಸ್ಪಷ್ಟವಾಗಿತ್ತು. ಎಂಟು ವರ್ಷ, ಹತ್ತು ಪೂರೈಸಿದರೆ ಅದು ಅವರ ಇಚ್ಛೆ. ಕೆಲಸ ಕೊಟ್ಟ ಹಿರಿಯರು ನಿನ್ನನ್ನು ಕಷ್ಟಕ್ಕೀಡು ಮಾಡಲಾರೆ ಎಂದರು. ಎರಡರಲ್ಲಿ ಯಾವ ಅವಧಿ ಮುಗಿಸಿದರೂ ಆಮೇಲೆ ನನ್ನ ಮೇಲೆ ಬಲವಂತವಿರಬಾರದು ಎಂದು ಮೂಸಾ(ಅ) ಮೊದಲೇ ಹೇಳಿಸಿಕೊಂಡರು, ಅಲ್ಲಾಹನನ್ನು ಸಾಕ್ಷಿಯಾಗಿಟ್ಟರು (ಅಲ್ ಕಸಸ್: 27-28). ಬಿಡದಿಯ ಗುತ್ತಿಗೆದಾರನ ಬಳಿಯೂ ಹೀಗೆಯೇ ನೇಮಕಾತಿ ಪತ್ರ ಕೇಳಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕಾರ್ಮಿಕ ಸಂಹಿತೆಗಳು ಅದನ್ನು ಕಡ್ಡಾಯಗೊಳಿಸಿವೆ. ಭವಿಷ್ಯನಿಧಿಯ ಯುಎಎನ್ ಸಂಖ್ಯೆ ಕೇಳಿ ಪಡೆಯಬೇಕು, ಹಣ ಜಮೆಯಾಗುತ್ತಿದೆಯೇ ಎಂದು ಪಾಸ್‌ಬುಕ್ ನೋಡುತ್ತಿರಬೇಕು.

ಬೇಸಿನ್ ಮುಂದಿನ ಕಸುಬನ್ನು ಕೀಳೆಂದು ಎಸೆದು ಹೋಗಬೇಕೆಂದೂ ಇಲ್ಲ. ನೂಲಿನ ದಪ್ಪವನ್ನು ಬೆರಳಿನಿಂದಲೇ ಹೇಳಬಲ್ಲವನಿಗೆ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರ ಕಲಿಯುವುದು ಕಷ್ಟವಲ್ಲ. ಚನ್ನಪಟ್ಟಣದಲ್ಲಿ ಸರ್ಕಾರದ ರೇಷ್ಮೆ ತರಬೇತಿ ಸಂಸ್ಥೆಯೇ ಇದೆ. ಆ ಊರಿನ ಆಲೆಮರದ ಬೊಂಬೆಯ ಕುಶಲಕರ್ಮಿಗಳಿಗೂ, ಮಾಗಡಿಯ ಹುರಿ ಕಾರ್ಖಾನೆಯ ಹೆಣ್ಣುಮಕ್ಕಳಿಗೂ, ಕನಕಪುರದಿಂದ ಮುಂಜಾನೆಯೇ ಬಸ್ ಹಿಡಿಯುವ ಗಾರ್ಮೆಂಟ್ಸ್‌ನ ಸಹೋದರಿಯರಿಗೂ ಇದೇ ಮಾತು ಸಲ್ಲುತ್ತದೆ. ಕಸುಬು ಅವರ ಬಂಡವಾಳ. ಅದನ್ನು ಯಾರೂ ಮುಂಗಡದ ಪುಸ್ತಕದಲ್ಲಿ ಬರೆದುಕೊಳ್ಳಲಾರರು.

ನಿನ್ನೆ ಅವನು ಫೋನ್ ಮಾಡಿದ್ದ. ನೋಟ್‌ಬುಕ್ ಹನ್ನೊಂದು ಪುಟ ತುಂಬಿದೆಯಂತೆ. ತಂದೆಯ ಲೆಕ್ಕದ ಪ್ರಕಾರ ಮುಂಗಡ ಎರಡು ವರ್ಷಗಳ ಹಿಂದೆಯೇ ತೀರಿದೆ. ಮಾಲೀಕರ ಪುಸ್ತಕದಲ್ಲಿ ಇನ್ನೂ ಹದಿನೆಂಟು ಸಾವಿರ ಬಾಕಿ. ಬರುವ ಭಾನುವಾರ ಇಶಾ ನಂತರ ಎರಡೂ ಪುಸ್ತಕಗಳನ್ನು ಒಟ್ಟಿಗೆ ತೆರೆಯಲು ಮಸೀದಿಯ ಮುತವಲ್ಲಿಯವರು ಒಪ್ಪಿದ್ದಾರೆ. ಸಬ್ರ್ ಮಾಡೆಂದಿದ್ದ ಆ ಹಿರಿಯರನ್ನೂ ಕರೆದಿದ್ದೇವೆ. ಅವರು ಇನ್ನೂ ಬರುತ್ತೇನೆ ಎಂದಿಲ್ಲ.